ವಿಂಬಲ್ಡನ್ ಮ್ಯೂಸಿಯಂ: ಕಪ್ ಆಮೇಲೆ ನೋಡಿ, ಮೊದಲು ಹಳೇ ರ‍್ಯಾಕೆಟ್ ನೋಡಿ

ಮಕ್ಕಳ ಮನೆಗೆ ಅಂತ ಲಂಡನ್‌ಗೆ ಬರುವ ನಮ್ಮ ಕಡೆಯವರು ಅರಮನೆ, ಸೇತುವೆ, ದೊಡ್ಡ ಗಡಿಯಾರ ಇಷ್ಟನ್ನು ನೋಡಿ ಊರಿಗೆ ಹೊರಟುಬಿಡುತ್ತಾರೆ. ಟೆನಿಸ್ ಮೇಲೆ ಚೂರಾದರೂ ಪ್ರೀತಿ ಇದ್ದರೆ ಇನ್ನೊಂದು ಜಾಗ ಸೇರಿಸಿಕೊಳ್ಳಿ. ಚರ್ಚ್ ರೋಡಿನ ವಿಂಬಲ್ಡನ್ ಲಾನ್ ಟೆನಿಸ್ ಮ್ಯೂಸಿಯಂ. ಅರ್ಧ ದಿನ ಇಟ್ಟುಕೊಂಡು ಹೋಗಿ. ಟಿಕೆಟ್ ಅಗ್ಗ ಅಲ್ಲ, ಆದರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ನಾನು ಮೈಸೂರಿನಲ್ಲಿ ರ‍್ಯಾಕೆಟ್‌ಗಳಿಗೆ ಗಟ್ಟಿಂಗ್ ಮಾಡುತ್ತಾ, ಅಂದರೆ ದಾರ ಹೆಣೆಯುತ್ತಾ ಬದುಕಿದವನು. ಮರದ ರ‍್ಯಾಕೆಟ್ ಕಾಲದಲ್ಲಿ ಕೈಯಲ್ಲೇ ಗಟ್ ಎಳೆದು, ಅದು ಸಡಿಲ ಆಗದ ಹಾಗೆ ತೂತಿಗೆ ಆರಿ ಚುಚ್ಚಿ ಹಿಡಿಯುತ್ತಿದ್ದೆವು. ಈಗ ಎಲ್ಲ ಮಷಿನ್. ಸಂಜೆ ಹೊತ್ತು ಕೋರ್ಟಿಗೆ ಗೆರೆ ಹಾಕುವುದು, ನೆಟ್ ಕಟ್ಟುವುದೂ ನನ್ನ ಕೆಲಸವೇ ಆಗಿತ್ತು. ಹಾಗಾಗಿ ಈ ಬರಹ ಆಟಗಾರರ ಅಭಿಮಾನಿ ಬರೆದದ್ದಲ್ಲ, ಆಟದ ಸಾಮಾನು ರಿಪೇರಿ ಮಾಡುವವನು ಬರೆದದ್ದು. ಫೆಡರರ್ ಶೂ ಬಗ್ಗೆ ತಿಳಿಯಬೇಕಾದರೆ ನಿಮಗೆ ಬೇರೆ ಬರಹಗಳು ಬೇಕಾದಷ್ಟು ಸಿಗುತ್ತವೆ.

ಒಳಗೆ ಹೋದ ತಕ್ಷಣ ಜನ ಕಪ್‌ಗಳ ಕಡೆ ಓಡುತ್ತಾರೆ. ಗಂಡಸರ ಸಿಂಗಲ್ಸ್ ಕಪ್ಪು, ಹೆಂಗಸರ ಬೆಳ್ಳಿ ತಟ್ಟೆ, ಎಲ್ಲವೂ ಚೆನ್ನಾಗಿವೆ, ಫೋಟೋಗೂ ಚೆನ್ನ. ಆದರೆ ಅವನ್ನು ಟಿವಿಯಲ್ಲಿ ನೋಡಿಯೇ ಇರುತ್ತೀರಿ ಅಲ್ವಾ? ನನ್ನ ಮಾತು ಕೇಳಿ, ಮೊದಲು ಹಳೇ ಸಾಮಾನಿನ ಹತ್ತಿರ ನಿಲ್ಲಿ. ಈ ಮ್ಯೂಸಿಯಂನ ಜೀವ ಇರುವುದು 1870ರಿಂದ 1890ರವರೆಗಿನ ವಸ್ತುಗಳಲ್ಲಿ. ಒಂದು ಕ್ಲಬ್ ಹೇಗೆ ಹುಟ್ಟುತ್ತದೆ, ನಾಲ್ಕು ಜನ ಹಿತ್ತಲಲ್ಲಿ ಆಡುವ ಆಟ ಇಡೀ ಜಗತ್ತಿನ ಆಟ ಹೇಗಾಗುತ್ತದೆ ಅನ್ನೋದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಆ ಕಾಲದ ರ‍್ಯಾಕೆಟ್ ನೋಡಿ. ತಲೆ ಒಂದು ಪಕ್ಕಕ್ಕೆ ವಾಲಿರುತ್ತದೆ. ನನ್ನ ಮಗಳು ಅದು ಹಳತಾಗಿ ಸೊಟ್ಟ ಆಗಿದೆ ಅಂದುಕೊಂಡಳು. ಅಲ್ಲ, ಮಾಡಿದ್ದೇ ಹಾಗೆ. ಗೋಡೆಯೊಳಗೆ ಆಡುತ್ತಿದ್ದ ಹಳೆಯ ಟೆನಿಸ್‌ನಲ್ಲಿ ಚೆಂಡು ನೆಲದಿಂದ ಹೆಚ್ಚು ಏಳುತ್ತಿರಲಿಲ್ಲ. ನೆಲಕ್ಕೆ ಒತ್ತಿಕೊಂಡು ಬರುವ ಚೆಂಡನ್ನು ಎತ್ತೋಕೆ ಆ ವಾಲು ಬೇಕಿತ್ತು. ಹುಲ್ಲಿನ ಮೇಲಿನ ಆಟ ಶುರುವಾದಾಗ ರ‍್ಯಾಕೆಟ್ ಮಾಡುವವರು ಅದೇ ಆಕಾರವನ್ನು ಮುಂದುವರಿಸಿದರು. ಚೌಕಟ್ಟು ಆ್ಯಶ್ ಅನ್ನುವ ಮರದ ಒಂದೇ ಪಟ್ಟಿ. ಹಬೆಯಲ್ಲಿ ಬೇಯಿಸಿ ಬಗ್ಗಿಸಿ, ಎರಡು ತುದಿ ಸೇರುವ ಕಂಠದಲ್ಲಿ ಮರದ ಬೆಣೆ ಕೂರಿಸಿದ್ದಾರೆ. ಹಿಡಿಗೆ ಚರ್ಮ ಇಲ್ಲ, ಟೇಪ್ ಇಲ್ಲ. ಬೆವರಿಗೆ ಕೈ ಜಾರದ ಹಾಗೆ ಮರದಲ್ಲೇ ಉದ್ದುದ್ದ ಗೀರು ಕೊರೆದಿದ್ದಾರೆ. ಗಟ್ ಕುರಿ ಕರುಳಿನದು. ಇಂಥ ಚೌಕಟ್ಟಿಗೆ ಈಗಿನ ಬಿಗಿ ಕೊಟ್ಟರೆ ಬೆಣೆ ಹತ್ತಿರವೇ ಬಿರುಕು ಬಿಡುತ್ತದೆ. ಇದನ್ನು ನೋಡಿದ ಮೇಲೆ ಅವರು ಯಾಕೆ ಅಷ್ಟು ಮೆಲ್ಲಗೆ, ಕೆಲವರು ಕೈ ಕೆಳಗಿಂದಲೇ ಸರ್ವ್ ಮಾಡುತ್ತಿದ್ದರು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದಾದ ಮೇಲೆ ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಅವರ ಪೆಟ್ಟಿಗೆ. ಭಾರತದಲ್ಲೂ ಚೀನಾದಲ್ಲೂ ಸೈನ್ಯದಲ್ಲಿದ್ದು ಬಂದ ಈ ಮನುಷ್ಯ 1874ರ ಫೆಬ್ರವರಿಯಲ್ಲಿ ಹೊತ್ತೊಯ್ಯಬಹುದಾದ ಟೆನಿಸ್ ಕೋರ್ಟಿಗೆ ಪೇಟೆಂಟ್ ತೆಗೆದುಕೊಂಡರು. ಒಂದು ಮರದ ಪೆಟ್ಟಿಗೆ. ಅದರೊಳಗೆ ಕಂಬ, ಗೂಟ, ನೆಟ್, 4 ರ‍್ಯಾಕೆಟ್, ಚೆಂಡು, ಗೂಟ ಹೊಡೆಯೋಕೆ ಸುತ್ತಿಗೆ, ಜೊತೆಗೆ ನಿಯಮದ ಪುಸ್ತಕ. ಬೆಲೆ 5 ಗಿನ್ನಿ, ಅಂದರೆ 105 ಶಿಲ್ಲಿಂಗ್. ಲಂಡನ್ನಿನ ಪಿಮ್ಲಿಕೊದ ಚರ್ಟನ್ ಸ್ಟ್ರೀಟ್‌ನ ಫ್ರೆಂಚ್ ಅಂಡ್ ಕಂಪನಿ ಅಂಗಡಿಯಲ್ಲಿ ಮಾರಾಟ. ಹುಲ್ಲುಹಾಸು ಇದ್ದ ಮನೆಯವರು ಪೆಟ್ಟಿಗೆ ತರಿಸಿಕೊಂಡು, ಗೂಟ ಹೊಡೆದು ಅವತ್ತೇ ಆಡಬಹುದಿತ್ತು.

ಆಟದ ಸಾಮಾನು ಮಾರುವವರ ಜೊತೆಯೇ ಬದುಕಿದವನು ನಾನು. ಆ ಪೆಟ್ಟಿಗೆಯ ಹಿಂದಿನ ಯೋಚನೆ ನೋಡಿ ಮನಸ್ಸು ತುಂಬಿ ಬಂತು. ಅದು ಸಾಧ್ಯವಾದದ್ದಕ್ಕೆ ಇನ್ನಿಬ್ಬರ ಕೆಲಸವೂ ಕಾರಣ. 1830ರಲ್ಲಿ ಎಡ್ವಿನ್ ಬಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಮಾಡಿದರು. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಹದ ಮಾಡುವುದಕ್ಕೆ ಪೇಟೆಂಟ್ ಪಡೆದರು. ಬಟ್ಟೆ ತುರುಕಿ ಹೊಲಿದ ಹಳೆಯ ಚೆಂಡು ಹುಲ್ಲಿನ ಮೇಲೆ ಬಿದ್ದರೆ ಅಲ್ಲೇ ಕೂರುತ್ತಿತ್ತು. ರಬ್ಬರ್ ಚೆಂಡು ಎದ್ದಿತು. ಅದರ ಮೇಲೆ ಬಿಳಿ ಫ್ಲಾನೆಲ್ ಬಟ್ಟೆ ಹೊಲಿದರೆ ಹಿಡಿತಕ್ಕೆ ಇನ್ನೂ ಚೆನ್ನಾಗಿ ಸಿಗುತ್ತದೆ ಅಂತ ತೋರಿಸಿದವರು ಜೆ. ಎಂ. ಹೀತ್‌ಕೋಟ್. ಈಗಿನ ಚೆಂಡಿನ ಮೇಲಿರುವ ಹಳದಿ ಉಣ್ಣೆ ಆ ಫ್ಲಾನೆಲ್‌ನ ವಂಶದ್ದೇ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಲಾನ್ ಟೆನಿಸ್ ಹುಟ್ಟಿದ್ದು ವಿಂಬಲ್ಡನ್‌ನಲ್ಲಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ವಿಂಗ್‌ಫೀಲ್ಡ್‌ಗಿಂತ ಮೊದಲೇ ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ಹ್ಯಾರಿ ಜೆಮ್ ಎಂಬ ವಕೀಲರೂ ಸ್ಪೇನ್ ಮೂಲದ ವ್ಯಾಪಾರಿ ಔಗುರಿಯೊ ಪೆರೇರಾ ಅವರೂ ಪೆರೇರಾ ಮನೆಯ ಹುಲ್ಲುಹಾಸಿನ ಮೇಲೆ ಇಂಥದ್ದೇ ಆಟ ಆಡುತ್ತಿದ್ದರು. ಆಮೇಲೆ ಇಬ್ಬರೂ ಲೆಮಿಂಗ್ಟನ್ ಊರಿಗೆ ಬಂದರು. ಹೇನ್ಸ್, ಟಾಮ್‌ಕಿನ್ಸ್ ಎಂಬ ಇಬ್ಬರು ಡಾಕ್ಟರ ಜೊತೆ ಸೇರಿ 1872ರಲ್ಲಿ ಮ್ಯಾನರ್ ಹೌಸ್ ಹೋಟೆಲಿನ ಹುಲ್ಲಿನ ಮೇಲೆ ಕ್ಲಬ್ ಕಟ್ಟಿದರು. ಜಗತ್ತಿನ ಮೊದಲ ಲಾನ್ ಟೆನಿಸ್ ಕ್ಲಬ್ ಅಂದರೆ ಅದು. ನೆನಪಿಟ್ಟುಕೊಳ್ಳಿ, ಯಾಕಂದರೆ ಆ ನಾಲ್ವರಿಗೆ ಸಲ್ಲಬೇಕಾದ ಗೌರವ ಎಷ್ಟೋ ಸಲ ಬೇರೆಯವರ ಪಾಲಾಗುತ್ತದೆ.

ಹಾಗಾದರೆ ವಿಂಬಲ್ಡನ್ ಮಾಡಿದ್ದೇನು? ಈ ಮ್ಯೂಸಿಯಂ ನನಗೆ ಅದನ್ನು ಅರ್ಥ ಮಾಡಿಸಿತು. ವಿಂಬಲ್ಡನ್ ಆಟವನ್ನು ಹುಟ್ಟಿಸಲಿಲ್ಲ, ಅಳತೆಗೆ ತಂದಿತು.

ಕ್ಲಬ್ ಶುರುವಾದದ್ದು ಟೆನಿಸ್‌ಗೆ ಅಲ್ಲವೇ ಅಲ್ಲ. 1868ರ ಜುಲೈ 23ರಂದು ಲಂಡನ್ನಿನ ಸ್ಟ್ರ್ಯಾಂಡ್ ರಸ್ತೆಯಲ್ಲಿ, ‘ದಿ ಫೀಲ್ಡ್’ ಪತ್ರಿಕೆಯ ಆಫೀಸಿನಲ್ಲಿ 6 ಜನ ಸೇರಿದರು. ಪತ್ರಿಕೆಯ ಸಂಪಾದಕ ಜಾನ್ ವಾಲ್ಷ್ ಅವರಲ್ಲೊಬ್ಬರು. ಅವರು ಕಟ್ಟಿದ್ದು ಆಲ್ ಇಂಗ್ಲೆಂಡ್ ಕ್ರೋಕೆ ಕ್ಲಬ್. ಕ್ರೋಕೆ ಅಂದರೆ ಮರದ ಸುತ್ತಿಗೆಯಿಂದ ಚೆಂಡು ಹೊಡೆದು ಕಮಾನುಗಳ ಒಳಗೆ ತೂರಿಸುವ ಆಟ. ಕ್ಲಬ್ ಆಯಿತು, ಜಾಗ ಇಲ್ಲ. ಹುಡುಕಿ ಹುಡುಕಿ ಮಾರನೇ ವರ್ಷ ವಿಂಬಲ್ಡನ್‌ನ ವೋರ್ಪಲ್ ರೋಡಿನಲ್ಲಿ, ರೈಲು ಹಳಿಯ ಪಕ್ಕ, 4 ಎಕರೆ ಬಾಡಿಗೆಗೆ ಹಿಡಿದರು. ಮೊದಲ ವರ್ಷ 50 ಪೌಂಡ್, ಎರಡನೇ ವರ್ಷ 75, ಮೂರನೇ ವರ್ಷ 100. (ನಮ್ಮ ಬೆಂಗಳೂರು ಕ್ಲಬ್ಬೂ ಬೌರಿಂಗ್ ಇನ್‌ಸ್ಟಿಟ್ಯೂಟೂ ಹುಟ್ಟಿದ್ದು ಅದೇ 1868ರಲ್ಲಿ. ಅದು ಕ್ಲಬ್ ಕಟ್ಟುವ ಕಾಲ.)

ಬಾಡಿಗೆ ಏರುತ್ತಾ ಹೋಯಿತು, ಕ್ರೋಕೆ ಹುಚ್ಚು ಇಳಿಯುತ್ತಾ ಬಂತು. ಕ್ಲಬ್ ನಡೆಸಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಖರ್ಚು ನಿಲ್ಲೋದಿಲ್ಲ, ಸದಸ್ಯರು ಬರೋದು ನಿಲ್ಲುತ್ತದೆ. 1875ರಲ್ಲಿ ಹೆನ್ರಿ ಜೋನ್ಸ್ ಎಂಬ ಸದಸ್ಯರು ಒಂದು ಹುಲ್ಲುಹಾಸನ್ನು ಟೆನಿಸ್‌ಗೆ ಬಿಟ್ಟುಕೊಡೋಣ ಅಂದರು. ಆ ಒಂದು ತುಂಡು ಹುಲ್ಲೇ ಕ್ಲಬ್ಬನ್ನು ಉಳಿಸಿತು. 1877ರಲ್ಲಿ ಹೆಸರಿನಲ್ಲೇ ಲಾನ್ ಟೆನಿಸ್ ಸೇರಿತು.

ಹೆನ್ರಿ ಜೋನ್ಸ್ ಬಗ್ಗೆ ನಾನು ಇಲ್ಲಿಗೆ ಬರುವ ಮೊದಲು ಕೇಳಿಯೇ ಇರಲಿಲ್ಲ. ಈಗ ನನ್ನ ಮಟ್ಟಿಗೆ ಇಡೀ ಕಥೆಯ ನಾಯಕ ಅವರೇ. ಓದಿದ್ದು ಡಾಕ್ಟರಿಕೆ. ಇಸ್ಪೀಟಿನ ವಿಸ್ಟ್ ಆಟದ ಮೇಲೆ ‘ಕ್ಯಾವೆಂಡಿಷ್’ ಅನ್ನುವ ಹೆಸರಲ್ಲಿ ಬರೆದು ಪ್ರಸಿದ್ಧರಾದವರು. 1877ರಲ್ಲಿ ಕ್ಲಬ್ ಒಂದು ಪಂದ್ಯಾವಳಿ ನಡೆಸಲು ತೀರ್ಮಾನಿಸಿತು. ಹುಲ್ಲಿನ ಮೇಲೆ ಎಳೆಯುವ ಕುದುರೆ ರೋಲರ್ ಕೆಟ್ಟಿತ್ತು, ರಿಪೇರಿಗೆ ದುಡ್ಡು ಬೇಕಿತ್ತು ಅನ್ನುವ ಮಾತು ಆ ಪಂದ್ಯಾವಳಿಯ ಜೊತೆಗೇ ಬಂದಿದೆ. ರೋಲರ್ ಎಳೆದವನಿಗೆ ಅದು ಎಂಥ ದೊಡ್ಡ ವಿಷಯ ಅಂತ ಗೊತ್ತು. ರೋಲರ್ ಇಲ್ಲದಿದ್ದರೆ ಕೋರ್ಟೇ ಇಲ್ಲ.

ಆದರೆ ಪಂದ್ಯ ಅಂದಮೇಲೆ ಒಂದೇ ನಿಯಮ ಬೇಕು. ವಿಂಗ್‌ಫೀಲ್ಡ್ ಪೆಟ್ಟಿಗೆಯ ಕೋರ್ಟು ಡಮರುವಿನ ಹಾಗೆ ನೆಟ್ ಹತ್ತಿರ ಸಣ್ಣ, ಎರಡು ತುದಿಯಲ್ಲಿ ಅಗಲ. ಅಂಕ 15ಕ್ಕೆ ಆಟ, ಅದೂ ಸರ್ವ್ ಮಾಡುವವರಿಗೆ ಮಾತ್ರ ಅಂಕ. 1875ರಲ್ಲಿ ಕ್ರಿಕೆಟ್ಟಿನ ಎಂಸಿಸಿ ಕ್ಲಬ್ ಒಂದು ನಿಯಮಾವಳಿ ಮಾಡಿತ್ತು, ಅದಕ್ಕೂ ಸರಿಯಾಗಿ ಎಲ್ಲರ ಒಪ್ಪಿಗೆ ಸಿಕ್ಕಿರಲಿಲ್ಲ. ಹೆನ್ರಿ ಜೋನ್ಸ್, ಜೂಲಿಯನ್ ಮಾರ್ಷಲ್, ಸಿ. ಜಿ. ಹೀತ್‌ಕೋಟ್ ಮೂವರೂ ಕೂತು ಎಲ್ಲವನ್ನೂ ತಿದ್ದಿದರು. ಕೋರ್ಟು ಆಯತ. ಉದ್ದ 78 ಅಡಿ, ಅಗಲ 27 ಅಡಿ. ಎಣಿಕೆ 15, 30, 40. ಸರ್ವ್‌ನಲ್ಲಿ ಒಂದು ಸಲ ತಪ್ಪಿದರೆ ಇನ್ನೊಂದು ಅವಕಾಶ.

78, 27. ಈ ಎರಡು ಸಂಖ್ಯೆ ಓದುವಾಗ ನನ್ನ ಕೈ ತಾನಾಗಿ ಟೇಪ್ ಹುಡುಕಿತು. ಸಿಂಗಲ್ಸ್‌ಗೆ ನಾನು ಎಷ್ಟೋ ವರ್ಷ ಸುಣ್ಣದ ಗೆರೆ ಹಾಕಿದ್ದು ಇದೇ ಅಳತೆಗೆ. ಒಂದು ಇಂಚೂ ಬದಲಾಗಿಲ್ಲ. ಯಾರು ಕೊಟ್ಟ ಅಳತೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನೆಟ್ ಮಾತ್ರ ಆಗ ಬೇರೆ ಥರ ಇತ್ತು. ಕಂಬದ ಹತ್ತಿರ 5 ಅಡಿ, ನಡುವೆ 3 ಅಡಿ 3 ಇಂಚು. ಈಗ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ 3 ಅಡಿ. ಮರದ ರ‍್ಯಾಕೆಟ್ ಕಾಲದಲ್ಲಿ ನಡು ಎತ್ತರ ನೋಡೋಕೆ ಟೇಪ್ ಬೇಕಿರಲಿಲ್ಲ. ಒಂದು ರ‍್ಯಾಕೆಟ್ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಇನ್ನೊಂದನ್ನು ಅಡ್ಡಡ್ಡ ಇಟ್ಟರೆ ಸರಿಯಾಗಿ 3 ಅಡಿ. 27 ಇಂಚು ಉದ್ದ, 9 ಇಂಚು ಅಗಲ. ಈಗಿನ ದೊಡ್ಡ ತಲೆಯ ರ‍್ಯಾಕೆಟ್ಟಿಗೆ ಈ ಲೆಕ್ಕ ಕೂರೋದಿಲ್ಲ. 1877ರ ನೆಟ್‌ಗೂ ಕೂರುತ್ತಿರಲಿಲ್ಲ. ನಡು ತಗ್ಗು, ಪಕ್ಕ ಅಷ್ಟೆತ್ತರ ಅಂದರೆ ಗೆರೆ ಪಕ್ಕ ನೇರವಾಗಿ ಹೊಡೆಯೋದು ತುಂಬಾ ಕಷ್ಟ. ನಡುವೆ ನಿಂತು ಕಾಯುವವನಿಗೆ ಲಾಭ.

ಸ್ಪೆನ್ಸರ್ ಗೋರ್ ಎಂಬ ಆಟಗಾರರು ಅದನ್ನೇ ಹಿಡಿದುಕೊಂಡರು. ಮೊದಲ ಪಂದ್ಯಾವಳಿ ಜುಲೈ 9ಕ್ಕೆ ಶುರು. ಪ್ರವೇಶ ಶುಲ್ಕ 1 ಗಿನ್ನಿ, ಹೆಸರು ಕೊಟ್ಟವರು 22 ಜನ. ರ‍್ಯಾಕೆಟ್ ನೀವೇ ತನ್ನಿ, ಹಿಮ್ಮಡಿ ಇಲ್ಲದ ಶೂ ಹಾಕಿಕೊಳ್ಳಿ, ಅಭ್ಯಾಸಕ್ಕೆ ಚೆಂಡು ಬೇಕಾದರೆ ತೋಟದ ಮಾಲಿಯನ್ನು ಕೇಳಿ ಅಂತ ಪ್ರಕಟಣೆ. ಮಾಲಿಯ ಹತ್ತಿರ ಚೆಂಡು! ಇವತ್ತಿಗೂ ಎಷ್ಟು ಕ್ಲಬ್‌ಗಳಲ್ಲಿ ಚೆಂಡಿನ ಡಬ್ಬಿಯ ಬೀಗದಕೈ ಮಾಲಿಯ ಸೊಂಟದಲ್ಲೇ ಇರುತ್ತದೆ. ಪಂದ್ಯಾವಳಿಯ ನಡುವೆ ಲಾರ್ಡ್ಸ್‌ನಲ್ಲಿ ಈಟನ್ ಮತ್ತು ಹ್ಯಾರೋ ಶಾಲೆಗಳ ಕ್ರಿಕೆಟ್ ಇತ್ತು. ಊರವರೆಲ್ಲ ಅಲ್ಲಿಗೆ ಹೋಗುತ್ತಾರೆ ಅಂತ ಟೆನಿಸ್ ನಿಲ್ಲಿಸಿದರು. ಆಮೇಲೆ ಮಳೆ. ಕೊನೆಗೆ ಜುಲೈ 19ರಂದು ಸುಮಾರು 200 ಜನ ತಲಾ 1 ಶಿಲ್ಲಿಂಗ್ ಕೊಟ್ಟು ಬಂದರು. ಒದ್ದೆ ಹುಲ್ಲಿನ ಮೇಲೆ ಗೋರ್ ಅವರು ವಿಲಿಯಂ ಮಾರ್ಷಲ್‌ರನ್ನು 6–1, 6–2, 6–4ರಿಂದ ಸೋಲಿಸಿದರು. ನೆಟ್ ಹತ್ತಿರ ಬಂದು, ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯೋದು ಅವರ ಉಪಾಯ. ಮಾರನೇ ವರ್ಷ ಸಿಲೋನಿನಿಂದ ರಜೆಗೆ ಬಂದಿದ್ದ ಪ್ಲಾಂಟರ್ ಫ್ರಾಂಕ್ ಹ್ಯಾಡೋ, ಗೋರ್ ಅವರ ತಲೆ ಮೇಲಿಂದ ಚೆಂಡು ಎತ್ತಿ ಎತ್ತಿ ಹಾಕಿ ಗೆದ್ದರು. ಲಾಬ್ ಹೊಡೆತ ಅಂದರೆ ಸೋಮಾರಿಗಳದ್ದು ಅನ್ನುವವರಿಗೆ ಈ ಕಥೆ ಹೇಳಿ.

ಇಷ್ಟಕ್ಕೇ ಮುಗಿಯಲಿಲ್ಲ. ಜೋನ್ಸ್ ಸುಮ್ನೆ ಕೂರಲಿಲ್ಲ. ಆ ಮೊದಲ ಪಂದ್ಯಾವಳಿಯ ಗೇಮ್‌ಗಳನ್ನೆಲ್ಲ ಲೆಕ್ಕ ಹಾಕಿದರು. ಸರ್ವ್ ಮಾಡಿದವರು ಗೆದ್ದದ್ದು 376, ಎದುರಿನವರು ಗೆದ್ದದ್ದು 225. ಇದು ಸರಿಯಲ್ಲ ಅನ್ನಿಸಿತು. ನೆಟ್‌ನಿಂದ 26 ಅಡಿ ದೂರ ಇದ್ದ ಸರ್ವಿಸ್ ಗೆರೆಯನ್ನು (ಸರ್ವ್ ಮಾಡಿದ ಚೆಂಡು ಇದರ ಒಳಗೆ ಬೀಳಬೇಕು) 22ಕ್ಕೆ ತಂದರು, 1880ರಲ್ಲಿ 21ಕ್ಕೆ. ನೆಟ್ಟನ್ನೂ ಹಂತ ಹಂತವಾಗಿ ಇಳಿಸುತ್ತಾ 1882ಕ್ಕೆ ಈಗಿನ ಎತ್ತರಕ್ಕೆ ತಂದು ನಿಲ್ಲಿಸಿದರು. ಒಂದು ಆಟವನ್ನು ಆಡಿ ನೋಡಿ, ಎಣಿಸಿ ನೋಡಿ, ಗೆರೆ ಅಳಿಸಿ ಮತ್ತೆ ಹಾಕಿ, ಎರಡೂ ಕಡೆಯವರಿಗೆ ನ್ಯಾಯ ಸಿಗುವ ತನಕ ಬಿಡಲಿಲ್ಲ. ಕ್ಲಬ್ ಕಟ್ಟುವುದು ಅಂದರೆ ಇದು ಅಂತ ನನಗೆ ಅನ್ನಿಸಿತು. ಕಟ್ಟಡ, ಬಾರು, ಸದಸ್ಯತ್ವದ ಬೋರ್ಡು ಎಲ್ಲ ಆಮೇಲಿನ ಮಾತು.

ಹೆಂಗಸರ ಬಟ್ಟೆ ನೋಡದೆ ಬರಬೇಡಿ. ನನ್ನ ಮಗಳು ಅಲ್ಲಿಂದ ಕದಲಲೇ ಇಲ್ಲ. ಪಾದ ಮುಟ್ಟುವ ಲಂಗ, ಉದ್ದ ತೋಳು, ಒಳಗೆ ಸೊಂಟ ಬಿಗಿಯುವ ಕಾರ್ಸೆಟ್. ಅದನ್ನು ಹಾಕಿಕೊಂಡು ಓಡಿ, ಬಗ್ಗಿ ಆಡಬೇಕಿತ್ತು. ಚೆಂಡು ಇಟ್ಟುಕೊಳ್ಳೋಕೆ ಜೇಬಿರುವ ಏಪ್ರನ್ ಕಟ್ಟಿಕೊಳ್ಳುವವರೂ ಇದ್ದರು. ಡಬ್ಲಿನ್‌ನವರು 1879ರಲ್ಲೇ ಹೆಂಗಸರಿಗೆ ಪಂದ್ಯ ನಡೆಸಿದ್ದರು. ವಿಂಬಲ್ಡನ್ ಮನಸ್ಸು ಮಾಡಿದ್ದು 1884ರಲ್ಲಿ. 13 ಜನ ಬಂದರು, ಫೈನಲ್‌ನಲ್ಲಿ ಮಾಡ್ ವಾಟ್ಸನ್ ತನ್ನ ಅಕ್ಕ ಲಿಲಿಯನ್‌ರನ್ನೇ 6–8, 6–3, 6–3ರಿಂದ ಸೋಲಿಸಿದರು. 1887ರಲ್ಲಿ ಗೆದ್ದ ಲಾಟಿ ಡಾಡ್‌ಗೆ ಆಗ 15 ವರ್ಷ. ಇದನ್ನು ಓದಿ ನನ್ನ ಮೊಮ್ಮಗಳು, ಅವಳೂ ಆಡುತ್ತಾಳೆ, ಆ ಹೆಸರನ್ನು ಫೋನಿನಲ್ಲಿ ಬರೆದುಕೊಂಡಳು.

ಟೂರ್ ಬಗ್ಗೆ. ಮ್ಯೂಸಿಯಂ ಒಂದಕ್ಕೇ ಟಿಕೆಟ್ ಸಿಗುತ್ತದೆ, ಮೈದಾನ ಸುತ್ತಿಸುವ ಟೂರ್ ಸೇರಿಸಿದರೆ ಜಾಸ್ತಿ. ಟೂರ್ ಸುಮಾರು ಒಂದೂವರೆ ಗಂಟೆ, ನಡಿಗೆ ಮತ್ತು ಮೆಟ್ಟಿಲು ಇದೆ. ಮಂಡಿ ನೋವಿನವರು ಮೊದಲೇ ವಿಚಾರಿಸಿ. ನಮ್ಮ ಗೈಡಮ್ಮ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ನನ್ನ ಇಂಗ್ಲಿಷ್‌ಗೂ ಎಲ್ಲ ತಲುಪಿತು. ಗಟ್ಟಿಂಗ್ ಮಾಡುವವನು ಅಂತ ತಿಳಿದ ಮೇಲೆ ನನ್ನ ಪ್ರಶ್ನೆಗಳಿಗೆ ಪ್ರತ್ಯೇಕವಾಗಿ ನಿಂತು ಉತ್ತರ ಕೊಟ್ಟರು. ಬೇರೊಂದು ಊರಿನಲ್ಲಿ, ಹೆಸರು ಬೇಡ, ಒಂದು ಕ್ರೀಡಾ ಮ್ಯೂಸಿಯಂಗೆ ಹೋಗಿದ್ದೆವು. ಅಲ್ಲಿ ಗೈಡ್ ಕುರಿ ಅಟ್ಟಿದ ಹಾಗೆ ಅಟ್ಟಿಬಿಟ್ಟರು. ಇಲ್ಲಿ ಹಾಗಿಲ್ಲ.

ಸೆಂಟರ್ ಕೋರ್ಟಿನ ಹುಲ್ಲಿಗೆ ಕಾಲಿಡೋಕೆ ಬಿಡೋದಿಲ್ಲ. ಸೀಟಿನ ಕಡೆಯಿಂದ ನೋಡಬೇಕು. ಪಂದ್ಯದ ಸಮಯಕ್ಕೆ ಹುಲ್ಲನ್ನು 8 ಮಿಲಿಮೀಟರಿಗೆ ಕತ್ತರಿಸುತ್ತಾರೆ. 2001ರಿಂದ ಪೂರ್ತಿ ರೈ ಹುಲ್ಲು, ಬೇರೆ ಬೆರಕೆ ಇಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ ವಿಂಬಲ್ಡನ್‌ನಲ್ಲಿ ಗಂಡಸರ ಡಬಲ್ಸ್ ಸೆಮಿಫೈನಲ್‌ಗೆ 2013, 2015, 2023ರಲ್ಲಿ ಬಂದಿದ್ದರು ಅಂತ ನಾನು ಅಲ್ಲಿದ್ದವರಿಗೆಲ್ಲ ಹೇಳಿದೆ. ಹೇಳದೆ ಇರೋಕೆ ಆಗಲಿಲ್ಲ.

ಹೋಗೋದು ಹೇಗೆ ಅಂದರೆ, ಡಿಸ್ಟ್ರಿಕ್ಟ್ ಲೈನಿನಲ್ಲಿ ಸೌತ್‌ಫೀಲ್ಡ್ಸ್‌ನಲ್ಲಿ ಇಳಿದು ನಡೆಯಬಹುದು, ಇಲ್ಲದಿದ್ದರೆ 493 ನಂಬರ್ ಬಸ್ಸು. ಚಾಂಪಿಯನ್‌ಶಿಪ್ ನಡೆಯುವ ಎರಡು ವಾರ ಬಿಟ್ಟು ಹೋಗಿ. ಆಗ ಪಂದ್ಯದ ಟಿಕೆಟ್ ಇದ್ದವರಿಗೆ ಮಾತ್ರ ಮ್ಯೂಸಿಯಂ. ಟಿಕೆಟ್ಟನ್ನು ಮ್ಯೂಸಿಯಂನವರಿಂದಲೇ ನೇರವಾಗಿ ಬುಕ್ ಮಾಡಿ. ದುಡ್ಡು ಹಿಡಿತದಲ್ಲಿ ಇರಬೇಕಾದರೆ ಮ್ಯೂಸಿಯಂ ಮಾತ್ರ ಸಾಕು, ಹಳೇ ಸಾಮಾನೆಲ್ಲ ಇರುವುದು ಅಲ್ಲೇ. ಟಿವಿಯಲ್ಲಿ ಪಂದ್ಯ ನೋಡಿ ಬೆಳೆದ ಮಕ್ಕಳು ಜೊತೆಗಿದ್ದರೆ ಟೂರ್ ತೆಗೆದುಕೊಳ್ಳಿ, ಅವರಿಗೆ ಸೆಂಟರ್ ಕೋರ್ಟ್ ನೋಡದಿದ್ದರೆ ಸಮಾಧಾನ ಇರೋದಿಲ್ಲ.

ಇನ್ನೊಂದು ಜಾಗಕ್ಕೆ ಟಿಕೆಟ್ ಬೇಡ. ಈಗಿನ ಮೈದಾನ 1922ರದು. 1877ರ ಪಂದ್ಯ ನಡೆದ ವೋರ್ಪಲ್ ರೋಡಿನ ನೆಲ ಇವತ್ತು ವಿಂಬಲ್ಡನ್ ಹೈಸ್ಕೂಲ್ ಹೆಣ್ಣುಮಕ್ಕಳ ಆಟದ ಮೈದಾನ. 1908ರ ಒಲಿಂಪಿಕ್ಸ್‌ನ ಹೊರಾಂಗಣ ಟೆನಿಸ್ ಕೂಡ ಅಲ್ಲೇ ನಡೆದದ್ದು. ಶಾಲೆಯ ಜಾಗ, ಒಳಗೆ ಬಿಡೋದಿಲ್ಲ, ಕೇಳಲೂ ಬೇಡಿ. ವಿಂಬಲ್ಡನ್ ಸ್ಟೇಷನ್ನಿನಿಂದ ರೇನ್ಸ್ ಪಾರ್ಕ್ ಕಡೆ ಹೋಗುವ ರೈಲು ಹತ್ತಿ ವೋರ್ಪಲ್ ರೋಡ್ ಇರುವ ಪಕ್ಕದ ಕಿಟಕಿಯಲ್ಲಿ ಕೂತರೆ ಆ ಹಸಿರು ಕಾಣುತ್ತದೆ. ರೈಲು ಬೇಗ ದಾಟಿಬಿಡುತ್ತದೆ, ಹೊರಟ ತಕ್ಷಣದಿಂದಲೇ ನೋಡುತ್ತಿರಿ.